ಭೂತಗಳು ಬಿಡಾರ ಹುಡುಕುವ ಊರು

ಕಲ್ಕತ್ತೆಯ ಲಾಲ್‌ಬಜಾರಿನಿಂದ ಉತ್ತರಾಭಿಮುಖವಾಗಿ ಒಂದು ರಸ್ತೆ ಹೊರಡುತ್ತದೆ. ಇಂಗ್ಲಿಷರು ಬಂದು ಕೋಟೆ ಕಟ್ಟುವುದಕ್ಕೆ ಮೊದಲೇ ಕಾಳೀಘಾಟಿನ ಯಾತ್ರಿಕರು ಈ ಜಾಡಿನಲ್ಲಿ ನಡೆಯುತ್ತಿದ್ದರೆಂದು ಹೇಳುತ್ತಾರೆ. ಬಹುಕಾಲ ಚಿತ್‌ಪುರ ರಸ್ತೆಯೆಂದು ಹೆಸರಾಗಿದ್ದ ಇದಕ್ಕೆ ಈಗ ರವೀಂದ್ರ ಸರಣಿ ಎಂದು ಹೆಸರು. ನಾಖೋದಾ ಮಸೀದಿಯ ಬಳಿ ಅತ್ತರಿನ ಅಂಗಡಿಗಳು. ಮುಂದೆ ಹೋದರೆ ‘ಜಾತ್ರಾ’ ನಾಟಕ ಮಂಡಲಿಗಳ ಕಚೇರಿಗಳು. ಇನ್ನೂ ಮುಂದೆ ಕುಮಾರಟುಲಿಯಲ್ಲಿ ಹುಲ್ಲಿನ ಮೈಗೆ ಮಣ್ಣು ಮೆತ್ತಿಸಿಕೊಳ್ಳುತ್ತ ನಿಂತಿರುವ ದುರ್ಗೆಯರು. ಬಂಗಾಳಿಗಳ ಬಾಯಲ್ಲಿ ಸದಾ ಕೋಲ್ಕತಾ ಆಗಿದ್ದ ಊರು 2001ರಲ್ಲಿ ಸರ್ಕಾರದ ಕಾಗದಗಳಲ್ಲಿಯೂ ಕೋಲ್ಕತಾ ಆಯಿತು. ಕನ್ನಡಿಗರ ನಾಲಿಗೆಗೆ ಮಾತ್ರ ಕಲ್ಕತ್ತೆಯೇ ರೂಢಿ.

ರಸ್ತೆಯ ಎರಡು ಮಗ್ಗುಲಿನ ಓಣಿಗಳಿಗೆ ತಿರುಗಿದರೆ ಹಳೆಯ ಶ್ರೀಮಂತರ ಮನೆಗಳು ಕಾಣಸಿಗುತ್ತವೆ. ಬೀದಿಯ ಅಂಚಿಗೇ ಒಂದು ಜಗಲಿ. ಅದಕ್ಕೆ ‘ರೊಆಕ್’ ಎಂದು ಹೆಸರು. ಸಂಜೆಯಾದರೆ ನೆರೆಹೊರೆಯವರ ಹರಟೆಗೆ ಅದೇ ಪೀಠ. ಒಳಗೆ ವಿಶಾಲವಾದ ಅಂಗಳ, ಅಂಗಳದ ಒಂದು ಬದಿಗೆ ಕಮಾನುಗಳ ಸಾಲು ಹೊತ್ತ ‘ಠಾಕುರ್‌ದಾಲಾನ್’, ಎಂದರೆ ಮನೆದೇವರ ಪೂಜಾಮಂಟಪ. ಮೇಲಂತಸ್ತಿನಲ್ಲಿ ಹಸಿರು ಬಣ್ಣದ ಮರದ ಪಟ್ಟಿಗಳ ಕಿಟಕಿಗಳು, ಒಳಗೆ ಕೆಂಪು ಗಾರೆಯ ನೆಲ. ಅನೇಕ ಮನೆಗಳಲ್ಲಿ ಚಾವಣಿಯ ಬಿರುಕಿನಿಂದ ಅಶ್ವತ್ಥದ ಸಸಿಯೊಂದು ತಲೆಯೆತ್ತಿರುತ್ತದೆ. ಬಾಗಿಲಿಗೆ ಬೀಗ, ಬೀಗಕ್ಕೆ ತುಕ್ಕು. ಇಂಥ ಮನೆಯ ಮುಂದೆ ಮುಸ್ಸಂಜೆಯಲ್ಲಿ ನಿಂತವನಿಗೆ ಒಳಗೆ ಯಾರೋ ಇದ್ದಾರೆಂದು ತೋರಿದರೆ ಅದು ಅವನ ತಪ್ಪಲ್ಲ.

ಒಳಗೆ ಇರುವವರು ಯಾರೆಂಬುದನ್ನು ನಗೆಯ ಮೂಲಕ ಹೇಳಿದ ಚಲನಚಿತ್ರವೊಂದುಂಟು. ಜಾಹೀರಾತು ಚಿತ್ರಗಳ ಕ್ಷೇತ್ರದಿಂದ ಬಂದ ಅನೀಕ್ ದತ್ತ ಅವರು ನಿರ್ದೇಶಿಸಿದ ಮೊದಲ ಕಥಾಚಿತ್ರ ‘ಭೂತೇರ್ ಭವಿಷ್ಯತ್’ 2012ರಲ್ಲಿ ತೆರೆಕಂಡಿತು. ಹೆಸರನ್ನು ಕನ್ನಡಕ್ಕೆ ತಿರುಗಿಸುವ ಶ್ರಮವೇ ಇಲ್ಲ: ‘ಭೂತದ ಭವಿಷ್ಯ’. ನಮ್ಮಲ್ಲಿರುವಂತೆಯೇ ಬಂಗಾಳಿಯಲ್ಲಿಯೂ ಭೂತವೆಂದರೆ ಪ್ರೇತವೂ ಹೌದು, ಕಳೆದುಹೋದ ಕಾಲವೂ ಹೌದು. ವ್ಯಾಕರಣದ ಪಾಠದಲ್ಲಿ ಭೂತಕಾಲ, ಭವಿಷ್ಯತ್ಕಾಲ ಎಂದು ಉರುಹೊಡೆದ ಯಾವ ಕನ್ನಡಿಗನಿಗಾದರೂ ಈ ಶ್ಲೇಷೆ ಒಡನೆಯೇ ಹಿಡಿಸುತ್ತದೆ. ಪ್ರೇತಗಳಿಗೆ ಮುಂದೇನು ಗತಿ? ಕಳೆದ ಕಾಲಕ್ಕೆ ಮುಂದೇನು ಗತಿ? ಎರಡು ಪ್ರಶ್ನೆಗಳೂ ಒಂದೇ ಎಂಬುದು ಚಿತ್ರದ ಮಾತು.

ಕಥೆ ಸರಳವಾದುದು. ಅಯನ್ ಎಂಬ ತರುಣ ನಿರ್ದೇಶಕ ಚಿತ್ರೀಕರಣಕ್ಕೆ ಜಾಗ ನೋಡಲು ಒಂದು ಹಳೆಯ ಜಮೀನ್ದಾರಿ ಸೌಧಕ್ಕೆ ಬರುತ್ತಾನೆ. ಕತ್ತಲಾಗುವ ಹೊತ್ತಿಗೆ ಮನೆಯೊಳಗೆ ಅವನಿಗೊಬ್ಬ ಹಿರಿಯ ಸಿಗುತ್ತಾನೆ. ಚಿತ್ರಕ್ಕೆ ಕಥೆ ಬೇಕಾಗಿದ್ದರೆ ತನ್ನಲ್ಲಿ ಒಂದಿದೆಯೆಂದು ಹೇಳತೊಡಗುತ್ತಾನೆ. ಆತ ಹೇಳುವುದು ಆ ಮನೆಯ ನಿವಾಸಿಗಳ ಕಥೆ. ಹೇಳುತ್ತಿರುವಾತನೂ ಅವರಲ್ಲಿ ಒಬ್ಬನೆಂಬುದು ತಿಳಿಯುವಾಗ ಪ್ರೇಕ್ಷಕನಿಗೆ ಬೆಚ್ಚುವುದಕ್ಕಿಂತ ಮರುಗುವುದೇ ಸಹಜವೆನಿಸುತ್ತದೆ. ಸವ್ಯಸಾಚಿ ಚಕ್ರವರ್ತಿ ಆ ಪಾತ್ರವನ್ನೂ, ಪರಂಬ್ರತ ಚಟರ್ಜಿ ತರುಣನ ಪಾತ್ರವನ್ನೂ ವಹಿಸಿದ್ದಾರೆ.

ಈ ಚಿತ್ರದಲ್ಲಿ ಯಮಲೋಕವಿಲ್ಲ, ಚಿತ್ರಗುಪ್ತನ ಲೆಕ್ಕದ ಪುಸ್ತಕವಿಲ್ಲ, ಕುದಿಯುವ ಎಣ್ಣೆಯ ಕೊಪ್ಪರಿಗೆಯಿಲ್ಲ. ಸತ್ತವರ ಕಷ್ಟ ಬದುಕಿರುವವರ ಕಷ್ಟವೇ: ತಲೆಯ ಮೇಲೊಂದು ಸೂರು. ಊರಿನ ಹಳೆಯ ಮನೆಗಳು ಒಂದೊಂದಾಗಿ ಉರುಳಿ, ಅವುಗಳ ಜಾಗದಲ್ಲಿ ಬಹುಮಹಡಿ ವಸತಿಗಳೂ ‘ಮಾಲ್’ಗಳೂ ಏಳುತ್ತಿವೆ. ಹಗಲಿನಂತೆ ದೀಪ ಉರಿಯುವ ಕಟ್ಟಡದಲ್ಲಿ ಪ್ರೇತವೊಂದು ವಾಸಮಾಡುವುದು ಹೇಗೆ? ಹೀಗೆ ನೆಲೆತಪ್ಪಿದ ಭೂತಗಳು ಅಳಿದುಳಿದ ಚೌಧುರಿ ಮನೆತನದ ಸೌಧವನ್ನು ಹುಡುಕಿಕೊಂಡು ಬರುತ್ತವೆ. ಬಂದವರನ್ನೆಲ್ಲ ಸೇರಿಸಿಕೊಳ್ಳಲು ಸ್ಥಳ ಸಾಲದು. ಆದುದರಿಂದ ಮೊದಲೇ ಇದ್ದ ಭೂತಗಳು ಸಂದರ್ಶನ ನಡೆಸಿ ತಕ್ಕವರನ್ನು ಆರಿಸಿಕೊಳ್ಳುತ್ತವೆ! ಬಾಡಿಗೆ ಮನೆಗಾಗಿ ಅಲೆದು, ಮನೆಯೊಡೆಯನ ನೂರೆಂಟು ಪ್ರಶ್ನೆಗಳಿಗೆ ತಲೆಬಾಗಿ ಉತ್ತರ ಹೇಳಿದ ಅನುಭವವುಳ್ಳ ಯಾವ ಸಂಸಾರಸ್ಥನೂ ಈ ದೃಶ್ಯವನ್ನು ನೋಡಿ ನಗದೆ ಇರಲಾರ.

ಆಯ್ಕೆಯಾದವರು ಯಾರು? ಇಲ್ಲಿಯೇ ಚಿತ್ರದ ಜಾಣ್ಮೆಯಿರುವುದು. ಮನೆಯ ಯಜಮಾನ ರಾಯಬಹದ್ದೂರ್ ದರ್ಪನಾರಾಯಣ ಚೌಧುರಿ. ಹೆಸರಿನಲ್ಲಿರುವ ದರ್ಪ ಪ್ರಾಣದೊಡನೆ ಹೋಗಿಲ್ಲ. ಪರಾನ್ ಬಂದ್ಯೋಪಾಧ್ಯಾಯ ಅವರ ಅಭಿನಯದಲ್ಲಿ ಈ ಜಮೀನ್ದಾರ ಏಕಕಾಲಕ್ಕೆ ನಗೆಪಾಟಲೂ ಆಗುತ್ತಾನೆ, ಪ್ರಿಯನೂ ಆಗುತ್ತಾನೆ. ಅವನ ಜೊತೆಗೆ ಸರ್ ಡೊನಾಲ್ಡ್ ರಾಮ್ಸೆ ಎಂಬ ಆಂಗ್ಲ ಅಧಿಕಾರಿ. ನವಾಬ ಸಿರಾಜುದ್ದೌಲನ ಕಾಲದ ಬಾಣಸಿಗನೊಬ್ಬ. 1940ರ ದಶಕದ ಚಿತ್ರನಟಿ ಕದಲೀಬಾಲಾ; ಈ ಪಾತ್ರದಲ್ಲಿ ಸ್ವಸ್ತಿಕಾ ಮುಖರ್ಜಿ ಆ ಕಾಲದ ನಟಿಯರ ರಾಗವಾದ ಮಾತನ್ನೂ ವೈಯಾರವನ್ನೂ ಮರಳಿ ತಂದಿದ್ದಾರೆ. ದೇಶವಿಭಜನೆಯಲ್ಲಿ ಪೂರ್ವಬಂಗಾಳದಿಂದ ಬಂದ ನಿರಾಶ್ರಿತ. ಬಿಹಾರದಿಂದ ಬಂದು ಕೈಗಾಡಿ ಎಳೆದು ಸತ್ತ ರಿಕ್ಷಾವಾಲ. ಕ್ರಾಂತಿಯ ಕನಸು ಕಂಡು ಗುಂಡಿಗೆ ಬಲಿಯಾದ ನಕ್ಸಲೀಯ ತರುಣ. ಕಥೆ ಹೇಳುತ್ತಿರುವ ಬಿಪ್ಲವನೇ ಅವನು. ಕಾರ್ಗಿಲ್ ಯುದ್ಧದಲ್ಲಿ ಮಡಿದ ಸೇನಾಧಿಕಾರಿ. ಕೊನೆಗೆ ಇಂದಿನ ಕಾಲದ ಒಬ್ಬ ವಾದ್ಯಗೋಷ್ಠಿಯ ಹುಡುಗ, ಒಬ್ಬಳು ಹುಡುಗಿ.

ಈ ಪಟ್ಟಿಯನ್ನು ಇನ್ನೊಮ್ಮೆ ಓದಬೇಕು. 1757ರ ಪ್ಲಾಸಿ ಕದನ, ಜಮೀನ್ದಾರಿ, ಕಂಪನಿ ಮತ್ತು ಬ್ರಿಟಿಷ್ ಆಳ್ವಿಕೆ, ಕಪ್ಪುಬಿಳುಪು ಚಿತ್ರಗಳ ಯುಗ, 1947ರ ವಿಭಜನೆ, 1970ರ ಸುಮಾರಿನ ರಕ್ತಪಾತ, 1999ರ ಕಾರ್ಗಿಲ್: ಬಂಗಾಳದ ಎರಡೂವರೆ ಶತಮಾನದ ಇತಿಹಾಸ ಒಂದೇ ಹಜಾರದಲ್ಲಿ ಕುಳಿತು ಹರಟುತ್ತಿದೆ. ಶಾಲೆಯಲ್ಲಿ ಒಂದು ಅಧ್ಯಾಯ ಮುಗಿದ ಮೇಲೆ ಇನ್ನೊಂದು ಬರುತ್ತದೆ. ಈ ಮನೆಯಲ್ಲಿ ಅಧ್ಯಾಯಗಳೆಲ್ಲ ಒಟ್ಟಿಗೇ ಇವೆ. ಒಬ್ಬರ ಮಾತನ್ನು ಒಬ್ಬರು ತಡೆಯುತ್ತವೆ, ಮುನಿಸಿಕೊಳ್ಳುತ್ತವೆ, ಮತ್ತೆ ಕೂಡುತ್ತವೆ. ಇವರಲ್ಲಿ ಹಲವರದು ಅಪಮೃತ್ಯು ಎಂಬುದನ್ನು ಚಿತ್ರ ಮರೆಮಾಚುವುದಿಲ್ಲ. ಗುಂಡೇಟು, ಆತ್ಮಹತ್ಯೆ, ಯುದ್ಧ; ನಗೆಯ ಕೆಳಗೆ ಒಂದೊಂದು ಶವವಿದೆ. ಇದನ್ನು ಕರಾಳ ಹಾಸ್ಯವೆನ್ನುವುದು ಅದಕ್ಕಾಗಿ.

ಬಂಗಾಳದ ಭೂತಗಳ ಸಮಾಜ ಹಿಂದೆ ಇಷ್ಟು ಉದಾರವಾಗಿರಲಿಲ್ಲ. ಹಳ್ಳಿಯ ಅಜ್ಜಿಯರು ಹೇಳುತ್ತಿದ್ದ ಕಥೆಗಳಲ್ಲಿ ಸತ್ತವರಿಗೂ ಜಾತಿ, ಮತ, ಮರ ಎಲ್ಲವೂ ಗೊತ್ತಾಗಿದ್ದುವು. ಸತ್ತ ಬ್ರಾಹ್ಮಣ ಬ್ರಹ್ಮದೈತ್ಯನಾಗಿ ಬಿಲ್ವದ ಮರವನ್ನೇರಿ ಕೂರುತ್ತಾನೆ. ಶಂಖದ ಬಳೆ ತೊಟ್ಟ ಮುತ್ತೈದೆ ಸತ್ತರೆ ‘ಶಾಂಕ್‌ಚುನ್ನಿ’. ಮದುವೆಯಾಗದೆ ಸತ್ತವಳು ‘ಪೆತ್ನಿ’. ಮುಸಲ್ಮಾನನ ಪ್ರೇತ ‘ಮಾಮ್ದೋ’. ಮೀನಿನ ಆಸೆ ತೀರದೆ ಸಂತೆಯಿಂದ ಮರಳುವವರ ಬುಟ್ಟಿಗೆ ಕೈಹಾಕುವುದು ‘ಮೇಛೋ ಭೂತ’. ಬಂಗಾಳಿಯ ಮೀನಿನ ಪ್ರೀತಿ ಚಿತೆಯಲ್ಲಿಯೂ ಬೇಯುವುದಿಲ್ಲವೆಂದಾಯಿತು. ರಾತ್ರಿಯಲ್ಲಿ ಪರಿಚಿತರ ದನಿಯಲ್ಲಿ ಹೆಸರು ಹಿಡಿದು ಕೂಗುವುದು ‘ನಿಶಿ’. ಅದು ಎರಡು ಸಲಕ್ಕಿಂತ ಹೆಚ್ಚು ಕೂಗಲಾರದಂತೆ. ಆದುದರಿಂದ ಮೂರನೆಯ ಕರೆಗೇ ಓಗೊಡಬೇಕು. ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದು ಕೂಗುಮಾರಿಯನ್ನು ಹಿಂದಕ್ಕಟ್ಟಿದ ಕನ್ನಡ ನಾಡಿನವರಿಗೆ ಈ ಉಪಾಯದ ಮರ್ಮ ತಿಳಿಯದುದೇನಲ್ಲ.

ಬೆಳ್ಳಿತೆರೆಯ ಮೇಲೆ ಈ ಸಮಾಜಕ್ಕೆ ಹೊಸ ರೂಪ ಕೊಟ್ಟವರು ಸತ್ಯಜಿತ್ ರಾಯ್. ಅವರ ತಾತ ಉಪೇಂದ್ರಕಿಶೋರ ರಾಯ್ ಚೌಧುರಿ ಬರೆದ ಮಕ್ಕಳ ಕಥೆಯನ್ನು ಆಧರಿಸಿ 1969ರಲ್ಲಿ ಬಂದ ‘ಗೂಪಿ ಗಾಯೇನ್ ಬಾಘಾ ಬಾಯೇನ್’ ಚಿತ್ರದಲ್ಲಿ ಬಿದಿರುಮೆಳೆಯೊಂದರಲ್ಲಿ ಭೂತಗಳು ಕುಣಿಯುತ್ತವೆ. ರಾಜರು, ಸಾಮಾನ್ಯ ಜನ, ಸಾಹೇಬರು, ಬೊಜ್ಜಿನ ದೊಡ್ಡ ಮನುಷ್ಯರು ಎಂದು ನಾಲ್ಕು ಗುಂಪುಗಳು. ಆ ಕುಣಿತಕ್ಕೆ ರಾಯ್ ಬಳಸಿದುದು ದಕ್ಷಿಣ ದೇಶದ ತಾಳವಾದ್ಯಗಳನ್ನು. ಕರ್ನಾಟಕ ಸಂಗೀತದ ಕಛೇರಿಗಳಲ್ಲಿ ಕುಳಿತವರು ಮೃದಂಗ, ಖಂಜಿರ, ಘಟಗಳ ನಾದವನ್ನು ಬಂಗಾಳದ ಭೂತಗಳ ಕಾಲಿನಲ್ಲಿ ಗುರುತಿಸಬಹುದು. ಭೂತರಾಜನ ದನಿ ಸ್ವಯಂ ರಾಯ್ ಅವರದು. ಅಲ್ಲಿ ನಾಲ್ಕು ವರ್ಗಗಳೂ ಬೇರೆಬೇರೆಯಾಗಿ ಕುಣಿದು ತಮ್ಮತಮ್ಮಲ್ಲೇ ಕಾದಾಡುತ್ತವೆ. 43 ವರ್ಷಗಳ ಅನಂತರ ಬಂದ ಚಿತ್ರದಲ್ಲಿ ಅವೇ ವರ್ಗಗಳು ಒಂದೇ ಸೂರಿನಡಿ ಬಾಳಬೇಕಾಗಿದೆ. ಮರಗಳೂ ಮೆಳೆಗಳೂ ಇಲ್ಲವಾದ ಮೇಲೆ ಬೇರೆ ದಾರಿಯೆಲ್ಲಿ?

ಹಾಗಾದರೆ ಈ ಸೌಧಗಳು ಕಟ್ಟಿದುದು ಹೇಗೆ, ಬರಿದಾದುದು ಹೇಗೆ? ಅದನ್ನು ಅರಿಯಲು ತೆರೆಯಿಂದ ಬೀದಿಗೆ ಮರಳಬೇಕು. ಶೋಭಾಬಜಾರಿನ ರಾಜಬಾಡಿಯನ್ನು ಕಟ್ಟಿಸಿದ ನವಕೃಷ್ಣ ದೇವ ಕಂಪನಿ ಸರ್ಕಾರದ ಆಪ್ತ. ಪ್ಲಾಸಿಯ ಗೆಲುವಿನ ಬೆನ್ನಿಗೇ 1757ರಲ್ಲಿ ಅವನು ನಡೆಸಿದ ದುರ್ಗಾಪೂಜೆಗೆ ರಾಬರ್ಟ್ ಕ್ಲೈವ್ ಅತಿಥಿಯಾಗಿದ್ದನೆಂದು ಪ್ರತೀತಿ. ಮುಕ್ತಾರಾಮ ಬಾಬು ಬೀದಿಯಲ್ಲಿ ರಾಜೇಂದ್ರ ಮಲ್ಲಿಕ್ 1835ರಲ್ಲಿ ಕಟ್ಟಿಸಿದ ಅಮೃತಶಿಲೆಯ ಅರಮನೆ ಇಂದಿಗೂ ಆ ಕುಟುಂಬದವರ ಕೈಯಲ್ಲಿದೆ. ಜೋಡಾಸಾಂಕೋದ ಠಾಕೂರರ ಮನೆಯಲ್ಲಿ 1861ರಲ್ಲಿ ರವೀಂದ್ರನಾಥರು ಹುಟ್ಟಿದರು. 1941ರಲ್ಲಿ ಅಲ್ಲಿಯೇ ಕಣ್ಣುಮುಚ್ಚಿದರು. ಅದೀಗ ವಿಶ್ವವಿದ್ಯಾನಿಲಯವೂ ವಸ್ತುಸಂಗ್ರಹಾಲಯವೂ ಆಗಿ ಉಳಿದುಕೊಂಡಿದೆ. ಕವಿಗೂ ಪರಲೋಕದ ಕುತೂಹಲವಿತ್ತು. ಹೆಂಡತಿಯನ್ನೂ ಮಕ್ಕಳನ್ನೂ ಒಬ್ಬರ ಹಿಂದೊಬ್ಬರಂತೆ ಕಳೆದುಕೊಂಡಿದ್ದ ಅವರು 1929ರಲ್ಲಿ ಪ್ರೇತಸಂಭಾಷಣೆಯ ಪ್ರಯೋಗಗಳಲ್ಲಿ ಕುಳಿತಿದ್ದರು. ಅಗಲಿದವರೊಡನೆ ಎರಡು ಮಾತಾಡಬೇಕೆಂಬ ಆಸೆಗೆ ಪಾಂಡಿತ್ಯ ಅಡ್ಡಿಯಾಗುವುದಿಲ್ಲ.

ಪ್ರಸಿದ್ಧರ ಮನೆಗಳು ಉಳಿದುವು. ಉಳಿಯದ ಮನೆಗಳೇ ಹೆಚ್ಚು. 1953ರ ಕಾನೂನಿನಿಂದ ಪಶ್ಚಿಮ ಬಂಗಾಳದಲ್ಲಿ ಜಮೀನ್ದಾರಿ ಕೊನೆಗೊಂಡಿತು. ಹಳ್ಳಿಯ ಗೇಣಿಯಿಂದ ನಗರದ ಸೌಧವನ್ನು ಸಾಕುವ ಏರ್ಪಾಡು ಅಲ್ಲಿಗೆ ಮುಗಿಯಿತು. ಅನೇಕ ಮನೆಗಳ ಕೆಳಂತಸ್ತಿನಲ್ಲಿ ತಲೆಮಾರುಗಳಿಂದ ಇರುವ ಬಾಡಿಗೆದಾರರು ಕೊಡುವ ಹಣ ಒಂದು ಕಿಟಕಿಯ ದುರಸ್ತಿಗೂ ಸಾಲದು. ಎಲ್ಲಕ್ಕಿಂತ ಮಿಗಿಲಾಗಿ, ಒಬ್ಬನ ಹೆಸರಿನಲ್ಲಿದ್ದ ಮನೆ ಮೂರು ತಲೆಮಾರು ಕಳೆಯುವುದರೊಳಗೆ ಮೂವತ್ತು ಜನರ ಪಾಲಾಗಿರುತ್ತದೆ.

ಈ ಪಾಲಿನ ವಿಷಯದಲ್ಲಿ ಕನ್ನಡಿಗರ ಗಮನ ಸೆಳೆಯುವ ಸಂಗತಿಯೊಂದುಂಟು. ಹಿಂದೂ ದಾಯಹಕ್ಕಿಗೆ ಭಾರತದ ಬಹುಭಾಗದಲ್ಲಿ ಆಧಾರವಾಗಿದ್ದುದು ಮಿತಾಕ್ಷರ. ಅದನ್ನು ಬರೆದ ವಿಜ್ಞಾನೇಶ್ವರ ನಮ್ಮ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿದ್ದವನು. ಬಂಗಾಳ ಮಾತ್ರ ಜೀಮೂತವಾಹನನ ದಾಯಭಾಗವನ್ನು ಅನುಸರಿಸಿತು. ಮಿತಾಕ್ಷರದಲ್ಲಿ ಮಗನಿಗೆ ಪಿತ್ರಾರ್ಜಿತದ ಹಕ್ಕು ಹುಟ್ಟಿನಿಂದಲೇ ಬರುತ್ತದೆ. ದಾಯಭಾಗದಲ್ಲಿ ತಂದೆ ಸಾಯುವವರೆಗೆ ಮಗನಿಗೆ ಏನೂ ಇಲ್ಲ. ಮಿತಾಕ್ಷರ ರಕ್ತದ ಸಾಮೀಪ್ಯವನ್ನು ಎಣಿಸಿದರೆ, ದಾಯಭಾಗ ಕೇಳುವುದು ಬೇರೊಂದು ಪ್ರಶ್ನೆ: ಸತ್ತವನಿಗೆ ಪಿಂಡವಿಟ್ಟು ಉಪಕಾರ ಮಾಡಬಲ್ಲವರು ಯಾರು? ಅವರಿಗೇ ಆಸ್ತಿ. 1956ರ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಈ ಭೇದ ಬಹುಮಟ್ಟಿಗೆ ಅಳಿಯಿತು. ಆದರೆ ಶತಮಾನಗಳ ಕಾಲ ಬಂಗಾಳದಲ್ಲಿ ಮನೆಯೆಂದರೆ ಬದುಕಿರುವವರಿಗೂ ಸತ್ತವರಿಗೂ ನಡುವೆ ಆದ ಒಂದು ಒಪ್ಪಂದವಾಗಿತ್ತು. ನೀನು ನನ್ನನ್ನು ನೆನೆ. ನಾನು ನಿನಗೆ ಮನೆಯನ್ನು ಬಿಟ್ಟುಹೋಗುತ್ತೇನೆ.

ಈ ಒಪ್ಪಂದವನ್ನು ಮನಸ್ಸಿನಲ್ಲಿಟ್ಟು ಚಿತ್ರವನ್ನು ಮತ್ತೆ ನೋಡಿದರೆ ನಗೆಯ ಬಣ್ಣವೇ ಬದಲಾಗುತ್ತದೆ. ನಿಜಜೀವನದ ವಾರಸುದಾರರು ಸಾಲ್ಟ್ ಲೇಕಿನ ಹೊಸ ಬಡಾವಣೆಯಲ್ಲಿಯೋ ಬೆಂಗಳೂರಿನಲ್ಲಿಯೋ ಅಮೆರಿಕದಲ್ಲಿಯೋ ಇದ್ದಾರೆ. ಅವರನ್ನು ದೂರುವುದು ಸುಲಭ. ಆದರೆ ಸೋರುವ ಚಾವಣಿ, ಮುಗಿಯದ ದಾವೆ, ಮೂವತ್ತರಲ್ಲಿ ಒಂದು ಪಾಲು ಇವನ್ನು ಹಿಡಿದುಕೊಂಡು ಯಾರು ತಾನೆ ಬಾಳಬಲ್ಲರು? ನಿರ್ಮಾಣದ ಉದ್ಯಮಿ ಬಂದು ಎಲ್ಲರಿಗೂ ಒಂದೊಂದು ವಸತಿಯನ್ನು ಕೊಡುವೆನೆಂದರೆ ಬೇಡವೆನ್ನುವುದು ಕಷ್ಟ. ಮನೆಯನ್ನು ನೆನೆಯುವವರು ದೂರ ಹೋದರು. ಪಿಂಡವಿಡುವವರಿಲ್ಲದ ರಿಕ್ಷಾವಾಲ, ನಿರಾಶ್ರಿತ, ನಕ್ಸಲೀಯ, ನಟಿ ಇವರೇ ಆ ಮನೆಗೆ ನಿಜವಾದ ವಾರಸುದಾರರಾದರು. ಮನೆಯನ್ನು ಬಿಟ್ಟು ಅವರಿಗೆ ಬೇರೇನೂ ಇಲ್ಲ.

ಚಿತ್ರದಲ್ಲಿ ಉದ್ಯಮಿಯ ಹೆಸರು ಗಣೇಶ ಭೂತೋರಿಯಾ. ಹೆಸರಿನಲ್ಲಿಯೇ ಭೂತವನ್ನು ಇಟ್ಟುಕೊಂಡಿದ್ದಾನೆ. ಸೌಧವನ್ನು ಕೆಡವಿ ಹೊಸ ಕಟ್ಟಡ ಎಬ್ಬಿಸಲು ಅವನು ಹೊಂಚುಹಾಕುತ್ತಾನೆ. ಬದುಕಿದ್ದಾಗ ಜಗಳವಾಡುತ್ತಿದ್ದ ವರ್ಗಗಳೆಲ್ಲ ಈಗ ಒಂದಾಗುತ್ತವೆ: ಜಮೀನ್ದಾರನೂ ನಕ್ಸಲೀಯನೂ ಒಂದೇ ಪಕ್ಷ! ಸಭ್ಯರಾದ ಈ ಭೂತಗಳಿಗೆ ಹೆದರಿಸುವ ಕಸುಬು ಗೊತ್ತಿಲ್ಲ. ಆದುದರಿಂದ ಕೈಕತ್ತರಿಸಿದ ಕಾರ್ತಿಕ ಎಂಬ ಬೀದಿ ರೌಡಿಯ ಪ್ರೇತದ ನೆರವನ್ನು ಕೋರುತ್ತವೆ; ಶಾಶ್ವತ ಚಟರ್ಜಿ ಈ ಪಾತ್ರದಲ್ಲಿ ನಗೆಯ ಹೊಳೆ ಹರಿಸಿದ್ದಾರೆ. ಕೊನೆಗೆ ಭೂತೋರಿಯಾನನ್ನು ಸೋಲಿಸುವುದು ಕೋರೆಹಲ್ಲಲ್ಲ, ಕಿರುಚಾಟವಲ್ಲ. ಅವನು ತನ್ನ ಬಾಳಿನಲ್ಲಿ ಮುಚ್ಚಿಟ್ಟಿದ್ದುದೇ ಪ್ರೇತವಾಗಿ ಅವನ ಎದುರಿಗೆ ನಿಲ್ಲುತ್ತದೆ. ಹಳೆಯದನ್ನೆಲ್ಲ ಕೆಡವಲು ಹೊರಟವನಿಗೂ ಕೆಡವಲಾಗದ ಹಳೆಯದೊಂದು ಇದ್ದೇ ಇರುತ್ತದೆ.

ಚಿತ್ರ ಜನಪ್ರಿಯವಾಯಿತು, 2014ರಲ್ಲಿ ‘ಗ್ಯಾಂಗ್ ಆಫ್ ಘೋಸ್ಟ್ಸ್’ ಎಂಬ ಹೆಸರಿನಲ್ಲಿ ಹಿಂದಿಯಲ್ಲಿಯೂ ಬಂತು. ಆದರೆ ಭೂತಗಳ ಅಲೆದಾಟ ಅಲ್ಲಿಗೇ ನಿಲ್ಲಲಿಲ್ಲ. ಅನೀಕ್ ದತ್ತ ಅವರ ‘ಭವಿಷ್ಯತೇರ್ ಭೂತ್’ 2019ರ ಫೆಬ್ರವರಿ 15ರಂದು ತೆರೆಕಂಡು, ಕೂಡಲೇ ಬಹುತೇಕ ಚಿತ್ರಮಂದಿರಗಳಿಂದ ಮಾಯವಾಯಿತು. ರಾಜಕೀಯವನ್ನು ಲೇವಡಿ ಮಾಡಿದ ಭೂತಗಳಿಗೆ ಈ ಸಲ ಚಿತ್ರಮಂದಿರವೂ ಇಲ್ಲವಾಯಿತು. ನಿರ್ಮಾಪಕರು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಅದೇ ವರ್ಷ ಏಪ್ರಿಲ್ 11ರಂದು ಬಂದ ತೀರ್ಪು, ಪ್ರಮಾಣಪತ್ರ ಪಡೆದ ಚಿತ್ರದ ಪ್ರದರ್ಶನಕ್ಕೆ ಪಶ್ಚಿಮ ಬಂಗಾಳ ಸರ್ಕಾರ ಅಡ್ಡಿಯಾಗಬಾರದೆಂದು ಹೇಳಿ, ನಿರ್ಮಾಪಕರಿಗೂ ಚಿತ್ರಮಂದಿರದವರಿಗೂ 20 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ವಿಧಿಸಿತು. ಬೀದಿಪಾಲಾದ ಭೂತಗಳಿಗೆ ದೇಶದ ಅತ್ಯುನ್ನತ ನ್ಯಾಯಾಸನದಿಂದ ಪುನರ್ವಸತಿ ದೊರೆತಂತಾಯಿತು.

ಭೂತಕ್ಕೆ ಮನೆಯೊಂದಿಗೆ ಇರುವ ಈ ನಂಟು ಬಂಗಾಳಕ್ಕೆ ಮಾತ್ರ ಮೀಸಲಾದುದಲ್ಲ. ತುಳುನಾಡಿನ ಗುತ್ತಿನ ಮನೆಗಳನ್ನು ಬಲ್ಲವರಿಗೆ ಇದು ಹೊಸತೆನಿಸದು. ಅಲ್ಲಿ ಗದ್ದೆ ಪಾಲಾಗುತ್ತದೆ, ಅಡಿಗೆಮನೆ ಪಾಲಾಗುತ್ತದೆ, ಭೂತ ಪಾಲಾಗುವುದಿಲ್ಲ. ಮುಂಬಯಿಗೋ ದುಬಾಯಿಗೋ ಹೋದ ಮಗ ಕೋಲದ ರಾತ್ರಿ ಊರಿಗೆ ಬಂದು ದೈವದ ಮುಂದೆ ಕೈಮುಗಿದು ನಿಲ್ಲುತ್ತಾನೆ. ಅಲ್ಲಿ ಆ ಒಪ್ಪಂದಕ್ಕೆ ಒಂದು ದಿನ, ಒಂದು ಸ್ಥಳ ಗೊತ್ತಾಗಿದೆ. ಉತ್ತರ ಕಲ್ಕತ್ತೆಯ ಮನೆಗಳಲ್ಲಿ ದುರ್ಗಾಪೂಜೆ ನಡೆಯುವವರೆಗೆ ಅಂಥ ದಿನವೊಂದು ಉಳಿದಿರುತ್ತದೆ. ಹಂಚಿಹೋದ ಬಂಧುಗಳು ಐದು ದಿನಗಳ ಮಟ್ಟಿಗೆ ಠಾಕುರ್‌ದಾಲಾನಿನ ಕಮಾನುಗಳಡಿ ಒಂದೇ ಸಂಸಾರವಾಗುತ್ತಾರೆ. ಪೂಜೆ ನಿಂತ ಮನೆ ಬೇಗ ಉರುಳುತ್ತದೆ.

ದುರ್ಗೆ ನದಿಗೆ ಹೋದ ಮೇಲೆ, ಕಾಳೀಪೂಜೆಯ ಹಿಂದಿನ ದಿನ, ಭೂತಚತುರ್ದಶಿ ಬರುತ್ತದೆ. ಕನ್ನಡ ನಾಡಿನಲ್ಲಿ ಅದೇ ತಿಥಿಗೆ ನರಕ ಚತುರ್ದಶಿ. ಇಲ್ಲಿ ನಸುಕಿನಲ್ಲಿ ಹಂಡೆಯ ನೀರು ಕಾಯುತ್ತದೆ, ಎಣ್ಣೆಯ ಸ್ನಾನ ನಡೆಯುತ್ತದೆ. ಅಲ್ಲಿ ಮಧ್ಯಾಹ್ನ ಹದಿನಾಲ್ಕು ಬಗೆಯ ಸೊಪ್ಪಿನ ಪಲ್ಯ. ಮುಸ್ಸಂಜೆಗೆ ಹದಿನಾಲ್ಕು ಹಣತೆಗಳು. ಹದಿನಾಲ್ಕು ತಲೆಮಾರಿನ ಹಿರಿಯರು ಆ ಸಂಜೆ ಮನೆಗೆ ಬರುತ್ತಾರೆಂದು ನಂಬಿಕೆ. ಅವರಿಗೆ ದಾರಿ ತೋರಲೆಂದು ಹೊಸ್ತಿಲಲ್ಲಿ, ಮಹಡಿಯ ಮೆಟ್ಟಿಲಲ್ಲಿ, ತುಳಸಿಯ ಬುಡದಲ್ಲಿ, ಕತ್ತಲ ಮೂಲೆಗಳಲ್ಲಿ ಒಂದೊಂದು ದೀಪವನ್ನು ಇಡುತ್ತಾರೆ.

ಹೊಸ ವಸತಿ ಸಮುಚ್ಚಯಗಳಲ್ಲಿಯೂ ಈ ಪದ್ಧತಿ ನಿಂತಿಲ್ಲ. ಅಲ್ಲಿ ತುಳಸಿಯ ಕಟ್ಟೆಯಿಲ್ಲ, ಅಂಗಳವಿಲ್ಲ. ಹದಿನಾಲ್ಕು ಮೂಲೆಗಳೂ ಸಿಗುವುದಿಲ್ಲ. ಏಳನೆಯ ಮಹಡಿಯ ಇಕ್ಕಟ್ಟಾದ ಮೊಗಸಾಲೆಯಲ್ಲಿ ಗೃಹಿಣಿ ಹಣತೆಗಳನ್ನು ಒತ್ತೊತ್ತಾಗಿ ಸಾಲಿಟ್ಟು ಹಚ್ಚುತ್ತಾಳೆ. ಮಗು ಕೆಳಗೆ ಬಗ್ಗಿ ನೋಡಿ, ಇಷ್ಟು ಎತ್ತರಕ್ಕೆ ಅಜ್ಜಂದಿರು ಹೇಗೆ ಹತ್ತಿ ಬರುತ್ತಾರೆಂದು ಕೇಳುತ್ತದೆ. ಲಿಫ್ಟಿನಲ್ಲಿ ಬರುತ್ತಾರೆ ಎನ್ನುತ್ತಾಳೆ ತಾಯಿ. ಇಬ್ಬರೂ ನಗುತ್ತಾರೆ. ಕೆಳಗಿನ ಓಣಿಯಲ್ಲಿ, ಇನ್ನೂ ಉರುಳದೆ ನಿಂತ ಹಳೆಯ ಮನೆಯೊಂದರ ಬೀಗ ಹಾಕಿದ ಬಾಗಿಲಿನ ಮುಂದೆ, ರೊಆಕಿನ ಮೇಲೆ ಯಾರೋ ಇಟ್ಟುಹೋದ ಒಂದು ಹಣತೆ ಉರಿಯುತ್ತಿರುತ್ತದೆ.